ವಂಶದೊಳಗಿನ ದಂಗೆ

ಮುಂಬಯಿಯ ಪರೇಲಿಗೂ ಶಿವಡಿಗೂ ನಡುವೆ ರಸ್ತೆ ಕಡಿಯುತ್ತಿದ್ದ ಕೂಲಿಗಳಿಗೆ 1931ರಲ್ಲಿ ನೆಲದೊಡಲಿನಿಂದ ಒಂದು ಮಹಾಶಿಲೆ ದೊರೆಯಿತು. ಆಳೆತ್ತರವನ್ನು ಮೀರಿದ ಆ ಏಕಶಿಲೆಯ ನಡುವೆ ಶಿವನು ನಿಂತಿದ್ದಾನೆ. ಅವನ ಶಿರದ ಹಿಂದಿನಿಂದ ಇನ್ನೊಬ್ಬ ಶಿವ ಮೇಲೇಳುತ್ತಾನೆ, ಆತನಿಂದ ಮತ್ತೊಬ್ಬ. ಇಬ್ಬದಿಗಳಲ್ಲಿ ಕವಲೊಡೆದ ಮೂರ್ತಿಗಳೂ ಸೇರಿ ಒಟ್ಟು ಏಳು. ಕಲಾಚರಿತ್ರಕಾರರು ಅದನ್ನು ಐದು-ಆರನೆಯ ಶತಮಾನಗಳ ಕೃತಿಯೆಂದು ಎಣಿಸುತ್ತಾರೆ. ಇಂದು ಬಾರಾದೇವಿಯ ಗುಡಿಯಲ್ಲಿ ಅದಕ್ಕೆ ಪೂಜೆ ಸಲ್ಲುತ್ತಿದೆ. ಆ ಶಿಲ್ಪ ರೂಪುಗೊಂಡು ಬಹುಕಾಲ ಕಳೆಯುವ ಮುನ್ನವೇ ನಮ್ಮ ಇಮ್ಮಡಿ ಪುಲಕೇಶಿಯ ಸೇನೆ ಕೊಂಕಣದ ಮೌರ್ಯರನ್ನು ಮಣಿಸಿತು, ಅವನ ನೌಕಾಬಲ ಪಡುಗಡಲ ತಡಿಯ ಪುರಿಯನ್ನು ಮುತ್ತಿತು; 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಆ ವಿಜಯವನ್ನು ಹಾಡಿ ಹೊಗಳಿದ್ದಾನೆ. ಆ ಪುರಿ ಎದುರಿನ ಘಾರಾಪುರಿ ದ್ವೀಪವೇ ಎನ್ನುವ ವಿದ್ವಾಂಸರೂ ಇದ್ದಾರೆ. ಅನಂತರ ಶಿಲಾಹಾರರು ಬಂದರು, ಯಾದವರು ಬಂದರು, ಗುಜರಾತಿನ ಸುಲ್ತಾನರು, ಪೋರ್ಚುಗೀಸರು, ಆಂಗ್ಲರು ಬಂದರು. ಒಂದೊಂದು ವಂಶವೂ ಉದಯಿಸಿ, ಕವಲೊಡೆದು, ಕ್ಷಯಿಸಿ ಇನ್ನೊಂದಕ್ಕೆ ಸ್ಥಾನ ತೆರವು ಮಾಡಿತು. ಇದೇ ಪರೇಲಿನ ನೆಲದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಆರಂಭಗೊಂಡ ಒಂದು ಸಂಗ್ರಾಮದ ಕಥೆ ಇದು. ಅದರ ರಣಭೂಮಿ ಮನುಷ್ಯಶರೀರದ ಅಂಗಾಂಶ. ಅಲ್ಲಿ ಏಳುವ ಬೀಳುವ ರಾಜವಂಶಗಳು ಕಣ್ಣಿಗೆ ಕಾಣದ ಜೀವಕೋಶಗಳವು.

ಆ ಸಂಗ್ರಾಮಕ್ಕೆ ಮುನ್ನ ಈ ನಗರ ಇನ್ನೊಂದು ಮಹಾಯುದ್ಧವನ್ನು ಕಂಡಿತ್ತು. 1896ರಲ್ಲಿ ಬಂದರಿನ ಮಗ್ಗುಲ ಮಾಂಡವಿ ಪೇಟೆಯಲ್ಲಿ ಡಾ. ಅಕೇಸಿಯೊ ವಿಯೇಗಸ್ ಪ್ಲೇಗಿನ ಹೆಜ್ಜೆಯನ್ನು ಗುರುತಿಸಿದರು. ಜನ ಸಹಸ್ರ ಸಹಸ್ರ ಸಂಖ್ಯೆಯಲ್ಲಿ ನಗರ ಬಿಟ್ಟು ಓಡಿದರು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ಯೆಹೂದಿ ವಿಜ್ಞಾನಿ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಹಗಲಿರುಳು ದುಡಿದು ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. 1899ರಲ್ಲಿ ಅವನ ಪ್ರಯೋಗಾಲಯ ಪರೇಲಿನ ಹಳೆಯ ಗವರ್ನರರ ಸೌಧಕ್ಕೆ ಬಂದಿತು. 1925ರಿಂದ ಅದಕ್ಕೆ ಅವನದೇ ಹೆಸರು. ಮರುವರ್ಷ ಅದರ ಸಮೀಪದಲ್ಲಿ ಕೆಇಎಂ ಆಸ್ಪತ್ರೆಯೂ ಜಿ.ಎಸ್. ವೈದ್ಯಕೀಯ ಕಾಲೇಜೂ ತಲೆಯೆತ್ತಿದವು. ಹೀಗೆ ಗಿರಣಿಗಳ ಪರೇಲು ವೈದ್ಯವಿದ್ಯೆಯ ಪೀಠವಾಯಿತು. ಪ್ಲೇಗಿನ ವೈರಿ ಹೊರಗಿನವನು. ಹಡಗೇರಿ ಬಂದ ದಾಳಿಕಾರ. ಅವನಿಗೆ ಹೆಸರಿತ್ತು, ಸೂಕ್ಷ್ಮದರ್ಶಕದಡಿ ಕಾಣುವ ಆಕಾರವಿತ್ತು, ಅವನನ್ನು ತಡೆಯಲು ಕೋಟೆಯ ಬಾಗಿಲು ಎಲ್ಲಿ ಮುಚ್ಚಬೇಕೆಂಬುದು ಗೊತ್ತಿತ್ತು. ಮುಂದೆ ಎದುರಾಗಲಿದ್ದ ವೈರಿಗೆ ಇವಾವುವೂ ಇರಲಿಲ್ಲ. ಅವನು ಕೋಟೆಯೊಳಗೇ ಹುಟ್ಟಿದವನು, ಅರಸನ ರಕ್ತವನ್ನೇ ಹಂಚಿಕೊಂಡವನು.

ಆ ಎರಡನೆಯ ಸಂಗ್ರಾಮದ ಬೀಜ ನಮ್ಮ ಮೈಸೂರು ಸೀಮೆಯಲ್ಲಿ ಬೆಳೆದ ಒಬ್ಬ ಹೆಣ್ಣುಮಗಳ ಬಾಳಿನಲ್ಲಿದೆಯೆಂಬುದನ್ನು ಕನ್ನಡಿಗರಾದ ನಾವು ನೆನೆಯಲೇಬೇಕು. ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಪಾರ್ಸಿ ವಿದ್ವಾಂಸರು. ಅವರ ಮಗಳು ಮೆಹರ್‌ಬಾಯಿ ಬೆಂಗಳೂರು-ಮೈಸೂರುಗಳಲ್ಲಿ ಓದಿ ಬೆಳೆದವರು. ಜೆಮ್‌ಷೆಡ್‌ಜಿ ಟಾಟಾ ಮೈಸೂರಿಗೆ ಬಂದಾಗ ಆ ಮನೆತನದ ಪರಿಚಯವಾಗಿ, 1898ರಲ್ಲಿ ಅವರ ಹಿರಿಯ ಮಗ ದೊರಾಬ್‌ಜಿಯೊಂದಿಗೆ ಮೆಹರ್‌ಬಾಯಿಯ ವಿವಾಹ ನೆರವೇರಿತು. ಸೀರೆಯುಟ್ಟೇ ಟೆನಿಸ್ ಅಂಗಳಕ್ಕಿಳಿದು ಬಹುಮಾನಗಳನ್ನು ಗೆದ್ದವರು ಅವರು. ಹೆಣ್ಣುಮಕ್ಕಳ ವಿದ್ಯೆಗಾಗಿ, ಬಾಲ್ಯವಿವಾಹದ ನಿಷೇಧಕ್ಕಾಗಿ ದನಿಯೆತ್ತಿದವರು. ದೊರಾಬ್‌ಜಿ ಪತ್ನಿಗೆ ತೊಡಿಸಿದ ಜೂಬಿಲಿ ವಜ್ರದ ತೂಕ 245 ಕ್ಯಾರಟ್. ಕೊಹಿನೂರಿನ ಇಮ್ಮಡಿಗೂ ಮಿಗಿಲು. 1924ರಲ್ಲಿ ಜಮ್‌ಶೇಡ್‌ಪುರದ ಉಕ್ಕಿನ ಕಾರ್ಖಾನೆಗೆ ಕಾರ್ಮಿಕರ ಸಂಬಳ ಕೊಡಲೂ ಹಣವಿಲ್ಲದ ದುರ್ದಿನ ಬಂದಾಗ ಆ ವಜ್ರವೂ ದಂಪತಿಗಳ ಸ್ವಂತ ಸಂಪತ್ತೂ ಬ್ಯಾಂಕಿನ ಒತ್ತೆಗೆ ಹೋದವು, ಕಾರ್ಖಾನೆ ಉಳಿಯಿತು. ವಜ್ರ ಉಳಿಸಿದ ಉಕ್ಕಿಗೆ ಒಡತಿಯ ರಕ್ತವನ್ನು ಉಳಿಸಲಾಗಲಿಲ್ಲ. ಪರೇಲಿನ ಶಿಲೆ ಮೇಲೆದ್ದ 1931ನೆಯ ವರ್ಷದ ಜೂನಿನಲ್ಲೇ ಮೆಹರ್‌ಬಾಯಿ ಬ್ರಿಟನ್ನಿನ ವೇಲ್ಸ್‌ನಲ್ಲಿ ರಕ್ತದ ಕ್ಯಾನ್ಸರಿಗೆ ಆಹುತಿಯಾದರು. ವಯಸ್ಸು ಐವತ್ತೆರಡು ತುಂಬಿರಲಿಲ್ಲ.

ದೊರಾಬ್‌ಜಿ ಮರುವರ್ಷ ಏಪ್ರಿಲಿನಲ್ಲಿ ಪತ್ನಿಯ ಹೆಸರಿನಲ್ಲಿ ರಕ್ತದ ಕ್ಯಾನ್ಸರಿನ ಸಂಶೋಧನೆಗೆ ನಿಧಿಯಿಟ್ಟರು, ತಮ್ಮ ಸರ್ವಸ್ವವನ್ನೂ ಒಂದು ಟ್ರಸ್ಟಿಗೆ ಬರೆದುಕೊಟ್ಟರು, ಜೂನ್ 3ರಂದು ಜರ್ಮನಿಯ ಬಾಡ್ ಕಿಸ್ಸಿಂಗೆನ್‌ನಲ್ಲಿ ಕಣ್ಮುಚ್ಚಿದರು. ಇಂಗ್ಲೆಂಡಿನ ಬ್ರೂಕ್‌ವುಡ್ ಶ್ಮಶಾನದಲ್ಲಿ ಇಬ್ಬರ ಸಮಾಧಿಗಳೂ ಒಂದರ ಬಳಿಯೊಂದಿವೆ. ಮಕ್ಕಳಿರಲಿಲ್ಲ, ವಂಶ ಅಲ್ಲಿಗೇ ನಿಂತಿತು. ವಜ್ರವೂ ಮುಂದೆ ವಿಕ್ರಯವಾಗಿ ಅದರ ಹಣ ಟ್ರಸ್ಟಿಗೆ ಸೇರಿತು. ಉತ್ತರಾಧಿಕಾರಿಯಾದ ನವರೋಜಿ ಸಕ್ಲಾತ್‌ವಾಲಾ ಕ್ಯಾನ್ಸರ್ ಆಸ್ಪತ್ರೆಯ ಯೋಜನೆಗೆ ಒತ್ತಾಸೆಯಾಗಿ ನಿಂತು 1938ರಲ್ಲಿ ಅದನ್ನು ಕಾಣದೆಯೇ ತೀರಿಕೊಂಡರು. ಭಾರ ತರುಣ ಜೆ.ಆರ್.ಡಿ. ಟಾಟಾರ ಹೆಗಲಿಗೆ ಬಂತು. ಕೊನೆಗೆ 1941ರ ಫೆಬ್ರುವರಿ 28ರಂದು, ಯುರೋಪು ಯುದ್ಧಜ್ವಾಲೆಯಲ್ಲಿ ಬೇಯುತ್ತಿದ್ದಾಗ, ಮುಂಬಯಿಯ ಗವರ್ನರ್ ರೋಜರ್ ಲಮ್ಲಿ ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯ ದ್ವಾರವನ್ನು ತೆರೆದರು. ಸಾಮ್ರಾಜ್ಯಗಳು ಪರಸ್ಪರ ಸಂಹಾರಕ್ಕೆ ಬೊಕ್ಕಸ ಬರಿದು ಮಾಡುತ್ತಿದ್ದ ವರ್ಷದಲ್ಲಿ ಎಂಬತ್ತು ಹಾಸಿಗೆಗಳ ಈ ಸೌಧ ಎದ್ದುನಿಂತಿತೆಂಬುದನ್ನು ಆ ಶತಮಾನದ ಮಹತ್ತಾದ ಘಟನೆಗಳ ಸಾಲಿನಲ್ಲಿ ಎಣಿಸಲು ನನಗೆ ಲವಲೇಶವೂ ಸಂಕೋಚವಿಲ್ಲ.

ಸೌಧಕ್ಕೆ ಸೇನಾನಿ ಬೇಕಿತ್ತು. ಪ್ರಯೋಗಾಲಯಗಳ ಅಧಿಪತ್ಯ ವಸಂತ ರಾಮಜಿ ಖಾನೋಲ್ಕರರಿಗೆ ಸಂದಿತು. ಲಂಡನ್ನಿನಲ್ಲಿ ರೋಗಶಾಸ್ತ್ರವನ್ನು ಕಲಿತು ಬಂದ ಅವರು, ಆಸ್ಪತ್ರೆಯ ಆರಂಭದ ವರ್ಷಗಳಲ್ಲಿಯೇ ಬಾಯಿಯ ಕ್ಯಾನ್ಸರಿನ ಸಾವಿರ ರೋಗಿಗಳ ವೃತ್ತಾಂತವನ್ನು ಸರದಿ ತಪ್ಪದಂತೆ ಜೋಡಿಸಿ 1944ರಲ್ಲಿ ಪ್ರಕಟಿಸಿದರು. ಎಲೆಯಡಿಕೆ, ಹೊಗೆಸೊಪ್ಪು, ಬೀಡಿ, ಜಾತಿ, ಪ್ರಾಂತ, ಕಸುಬು ಇವೆಲ್ಲವನ್ನೂ ಕೇಳಿ ಬರೆಸುವ ಆ ಕ್ರಮದಲ್ಲೇ ಅವರ ಪ್ರತಿಭೆಯಿತ್ತು: ಕ್ಯಾನ್ಸರನ್ನು ಅವರು ಶಾಪವೆಂದು ನೋಡಲಿಲ್ಲ, ಒಂದು ಜನಸಮುದಾಯದ ಚರಿತ್ರೆಯೆಂದು ಓದಿದರು. 1952ರಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರ ಅವರ ನಾಯಕತ್ವದಲ್ಲಿ ಸ್ಥಾಪಿತವಾಯಿತು. ಅವರ ಶಿಷ್ಯೆ ಕಮಲ್ ರಣದಿವೆ ಬಾಲ್ಟಿಮೋರಿಗೆ ತೆರಳಿ ಜಾರ್ಜ್ ಗೈ ಅವರ ಬಳಿ ಅಂಗಾಂಶ ಕೃಷಿಯನ್ನು ಕಲಿತರು. ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಅರ್ಬುದದಿಂದ 1951ರಲ್ಲಿ ಹುಟ್ಟಿ ಇಂದಿಗೂ ಸಾಯದೆ ಬೆಳೆಯುತ್ತಿರುವ ಹೀಲಾ ಕೋಶವಂಶದ ತವರು ಅದೇ ಪ್ರಯೋಗಾಲಯ. ರಣದಿವೆ ಮರಳಿ ಬಂದು ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯವನ್ನು ಮುಂಬಯಿಯಲ್ಲಿ ಕಟ್ಟಿದರು. ಸತ್ಯವತಿ ಸಿರಸಾಟ್ ಅದೇ ಕೇಂದ್ರದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ವಿಭಾಗವನ್ನು ಬೆಳೆಸಿದರು. ವಿದ್ಯೆಗಾಗಿ ಹೆಣ್ಣುಮಕ್ಕಳು ಇನ್ನೂ ಮನೆಯವರ ಅಪ್ಪಣೆ ಬೇಡುತ್ತಿದ್ದ ಕಾಲದಲ್ಲಿ ಈ ಇಬ್ಬರು ಪರೇಲಿನಲ್ಲಿ ಕುಳಿತು ಜೀವಕೋಶದ ಅಂತಃಪುರವನ್ನು ಹೊಕ್ಕು ನೋಡಿದರು.

ಅವರು ನೋಡಿದ್ದೇನು? ಶಸ್ತ್ರಚಿಕಿತ್ಸೆಯಲ್ಲಿ ಕೊಯ್ದು ತೆಗೆದ ದೊಡ್ಡಕರುಳಿನ ತುಂಡೊಂದು ಫಾರ್ಮಲಿನ್‌ನಲ್ಲಿ ನೆನೆದು ಬಿಗಿಯಾಗುತ್ತದೆ. ಅದರ ಆಯ್ದ ಭಾಗವನ್ನು ಕರಗಿದ ಮೇಣದಲ್ಲಿ ಹುದುಗಿಸಿ ಅಚ್ಚು ಹಾಕುತ್ತಾರೆ. ಮೈಕ್ರೋಟೋಮಿನ ಅಲಗು ಆ ಅಚ್ಚಿನಿಂದ ಮಿಲಿಮೀಟರಿನ ಇನ್ನೂರನೆಯ ಒಂದಂಶದಷ್ಟು ತೆಳುವಾದ ಪೊರೆಗಳನ್ನು ಎಬ್ಬಿಸುತ್ತದೆ. ಬೆಚ್ಚನೆಯ ನೀರಿನ ಮೇಲೆ ತೇಲುವ ಪೊರೆಯನ್ನು ತಂತ್ರಜ್ಞ ಗಾಜಿನ ಪಟ್ಟಿಯ ಮೇಲೆ ನಯವಾಗಿ ಎತ್ತಿಕೊಂಡು, ಮೇಣವನ್ನು ಕಳೆದು, ನೀಲಿ-ನೇರಳೆಯ ಹಿಮಟಾಕ್ಸಿಲಿನ್, ಗುಲಾಬಿಯ ಇಯೋಸಿನ್ ಬಣ್ಣಗಳಲ್ಲಿ ಅದ್ದುತ್ತಾನೆ. ಆರೋಗ್ಯವಂತ ಕರುಳಾದರೆ ಸೂಕ್ಷ್ಮದರ್ಶಕದಡಿ ಸಾಲು ಸಾಲಾದ ದುಂಡು ಉಂಗುರಗಳು. ಒಂದೊಂದು ಉಂಗುರದ ಸುತ್ತ ಕೋಶಗಳು, ಕೋಶದ ಬುಡದಲ್ಲಿ ನೀಲಿಯ ಕೇಂದ್ರ, ತಲೆಯಲ್ಲಿ ಲೋಳೆಯ ಬೆಳ್ಳನೆಯ ಬಟ್ಟಲು. ಆ ಉಂಗುರಗಳೆಂದರೆ ಕರುಳಿನ ಗೋಡೆಯಲ್ಲಿ ಇಳಿದ ಕುಳಿಗಳ ಅಡ್ಡಸೀಳು. ಕ್ಯಾನ್ಸರ್ ತಗುಲಿದ ಪಟ್ಟಿಯಲ್ಲಿ ಉಂಗುರಗಳು ಒಂದನ್ನೊಂದು ಒತ್ತಿ, ಸೊಟ್ಟಗಾಗಿ, ಒಡೆದು, ಕೆಳಗಿನ ಸ್ನಾಯುವಿನ ಪದರಕ್ಕೆ ನುಗ್ಗಿರುತ್ತವೆ. ಮರ್ಯಾದೆಯ ಎಲ್ಲೆ ಎಲ್ಲಿ ಮುರಿಯಿತೆಂಬುದನ್ನು ರೋಗತಜ್ಞನ ಕಣ್ಣು ಕ್ಷಣಾರ್ಧದಲ್ಲಿ ಹಿಡಿಯುತ್ತದೆ. ಯಾವಾಗ ಮುರಿಯಿತು, ಯಾರು ಮುರಿದರು ಎಂಬುದನ್ನು ಖಾನೋಲ್ಕರರ ಕಾಲದ ಗಾಜಿನ ಪಟ್ಟಿ ಹೇಳಲಾರದು. ಅದು ಯುದ್ಧಾನಂತರದ ರಣಾಂಗಣದ ಚಿತ್ರವಷ್ಟೇ.

ರಾಜ್ಯಾಡಳಿತದಲ್ಲಿಯೂ ಅಷ್ಟರಲ್ಲಿ ಪರಿವರ್ತನೆಗಳಾದವು. 1957ರಲ್ಲಿ ಆಸ್ಪತ್ರೆ ಕೇಂದ್ರದ ಆರೋಗ್ಯ ಸಚಿವಾಲಯದ ವಶಕ್ಕೆ ಹೋಯಿತು; 1962ರಲ್ಲಿ ಪರಮಾಣು ಶಕ್ತಿ ಇಲಾಖೆಗೆ. ವಿಕಿರಣದ ಅಸ್ತ್ರಕ್ಕೂ ಕ್ಯಾನ್ಸರಿಗೂ ಇರುವ ನಂಟನ್ನು ಕಂಡು ಈ ಹಸ್ತಾಂತರಕ್ಕೆ ದಾರಿಮಾಡಿದ ಹೋಮಿ ಭಾಭಾ ಯಾರು? ಮೈಸೂರಿನ ಆ ಹೊರ್ಮುಸ್‌ಜಿ ಭಾಭಾರ ಮೊಮ್ಮಗ; ಮೆಹರ್‌ಬಾಯಿ ಅವರ ಸೋದರತ್ತೆ. ಸೋದರತ್ತೆಯ ಸ್ಮರಣೆಯ ಸೌಧವನ್ನು ಸೋದರಳಿಯ ರಾಷ್ಟ್ರದ ಅತ್ಯುನ್ನತ ವಿಜ್ಞಾನದ ಆಶ್ರಯಕ್ಕೆ ತಂದನು. ಆಸ್ಪತ್ರೆಯೂ ಸಂಶೋಧನ ಕೇಂದ್ರವೂ ಕೂಡಿ ಟಾಟಾ ಮೆಮೋರಿಯಲ್ ಸೆಂಟರ್ ಆದದ್ದು 1966ರಲ್ಲಿ. ಅದೇ ವರ್ಷದ ಜನವರಿ 24ರಂದು ಭಾಭಾ ಮೋಂ ಬ್ಲಾಂ ಶಿಖರದ ವಿಮಾನ ದುರಂತದಲ್ಲಿ ಅಳಿದಿದ್ದರು. ಕಟ್ಟಿದವರು ಕಟ್ಟಡದ ಪೂರ್ಣತೆಯನ್ನು ಕಾಣದಿರುವುದು ಈ ಸಂಸ್ಥೆಯ ಹಣೆಬರಹವೇ ಆಗಿತ್ತೇನೋ.

ಆ ಸಂಧಿಕಾಲದಲ್ಲೇ ಇನ್ನೊಂದು ಮಹತ್ಕಾರ್ಯ ಸದ್ದಿಲ್ಲದೆ ಮೊದಲಾಯಿತು. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಸ್ಥಾಪಕರಾದ ಶಸ್ತ್ರವೈದ್ಯ ಡಿ. ಜೆ. ಜಸ್ಸಾವಾಲಾ 1963ರ ಜೂನಿನಲ್ಲಿ ಬಾಂಬೆ ಕ್ಯಾನ್ಸರ್ ರಿಜಿಸ್ಟ್ರಿಯನ್ನು ತೆರೆದರು. ಇಡೀ ನಗರದ ಕ್ಯಾನ್ಸರ್ ರೋಗಿಗಳನ್ನು ದಾಖಲಿಸುವ ಇಂಥ ಕಡತ ಭಾರತದಲ್ಲಿ ಅದೇ ಮೊದಲು. ಗುಮಾಸ್ತರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ದಾಖಲೆ ಕೋಣೆಗಳ ಕಡತ ಬಿಚ್ಚಿ, ರೋಗತಜ್ಞರ ವರದಿಗಳನ್ನು ನಕಲು ಮಾಡಿ, ನಗರಪಾಲಿಕೆಯ ಮರಣಪುಸ್ತಕದೊಡನೆ ತಾಳೆ ನೋಡಿ, ಒಬ್ಬ ರೋಗಿ ಎರಡು ಬಾರಿ ಎಣಿಕೆಗೆ ಬರದಂತೆ ಕಾಯ್ದರು. ಶಾಸನ ಕೆತ್ತಿದ ಶಿಲ್ಪಿಗಳಿಗೆ ಸಲ್ಲುವ ಗೌರವ ಈ ಅನಾಮಿಕ ಲಿಪಿಕಾರರಿಗೂ ಸಲ್ಲಬೇಕು. ಏಕೆಂದರೆ ಅವರ ಲೆಕ್ಕದಿಂದಲೇ ಒಂದು ವಿಸ್ಮಯ ಹೊರಬಿತ್ತು. ಬಾಯಿ, ಗಂಟಲುಗಳಲ್ಲಿ ಇಷ್ಟೊಂದು ಕ್ಯಾನ್ಸರ್ ಇರುವ ಈ ನಗರದಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಅಮೆರಿಕ, ಬ್ರಿಟನ್ನುಗಳ ಪ್ರಮಾಣದ ಒಂದು ಸಣ್ಣ ಅಂಶದಷ್ಟು ಮಾತ್ರ. ಪಶ್ಚಿಮ ರೈಲ್ವೆಯ ವೈದ್ಯಾಧಿಕಾರಿ ಎಸ್. ಎಲ್. ಮಲ್ಹೋತ್ರಾ ಜಠರ-ಕರುಳುಗಳ ಕ್ಯಾನ್ಸರು ದೇಶದ ಪ್ರಾಂತಗಳಲ್ಲಿ ಹೇಗೆ ಹಂಚಿಹೋಗಿದೆಯೆಂದು 1967ರಲ್ಲಿ ಬರೆದರು. ಹತ್ತು ವರ್ಷಗಳ ಬಳಿಕ ರಿಜಿಸ್ಟ್ರಿಯ ದಾಖಲೆಗಳನ್ನು ಹಿಡಿದು ನಾರು ತುಂಬಿದ ಊಟ, ಚೆನ್ನಾಗಿ ಅಗಿಯುವ ರೂಢಿ, ಮೊಸರು ಇವು ಕರುಳನ್ನು ಕಾಯುತ್ತಿವೆಯೆಂದು ವಾದಿಸಿದರು. ಆಫ್ರಿಕದಲ್ಲಿ ದುಡಿದ ಡೆನಿಸ್ ಬರ್ಕಿಟ್ ನಾರಿನ ಬಗ್ಗೆ ಅದೇ ಮಾತನ್ನು ಆಡಿದ್ದರು. ಮಲ್ಹೋತ್ರಾರ ಸಿದ್ಧಾಂತದ ಎಲ್ಲ ಎಳೆಗಳೂ ಕಾಲದ ಪರೀಕ್ಷೆಯಲ್ಲಿ ಉಳಿದಿಲ್ಲ. ಆದರೆ ಒಬ್ಬ ರೈಲ್ವೆ ವೈದ್ಯ ತನ್ನ ದೈನಂದಿನ ಕರ್ತವ್ಯದ ನಡುವೆ ಆ ಪ್ರಶ್ನೆಯನ್ನು ಕೇಳಿದನೆಂಬುದೇ ಆ ಕಾಲದ ಮುಂಬಯಿಯ ಹಿರಿಮೆ.

ರಿಜಿಸ್ಟ್ರಿಯ ಪುಟಗಳು ತುಂಬತೊಡಗಿದ 1964ರಲ್ಲಿಯೇ ವಿಧಿಯ ಒಂದು ಕ್ರೂರ ಯೋಗ ಒದಗಿತು. ಡಾರ್ವಿನ್ನನ ವಿಕಾಸವಾದಕ್ಕೆ ಗಣಿತದ ಅಡಿಪಾಯ ಹಾಕಿದ ಮೂವರಲ್ಲಿ ಒಬ್ಬರಾದ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಬ್ರಿಟನ್ ತೊರೆದು ಭಾರತವನ್ನು ತಾಯ್ನಾಡಾಗಿ ವರಿಸಿದ್ದರು. ಅವರಿಗೆ ಗುದನಾಳದ ಕ್ಯಾನ್ಸರ್ ತಗುಲಿತು. ಲಂಡನ್ನಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದಾಗ ಅವರು ತಮ್ಮ ರೋಗದ ಮೇಲೆಯೇ ಒಂದು ಪದ್ಯ ಬರೆದು, ರಕ್ತ ಕಂಡೊಡನೆ ವೈದ್ಯರ ಬಳಿಗೆ ಹೋಗಿರೆಂದು ಜನರನ್ನು ಎಚ್ಚರಿಸಿದರು. ಆ ವರ್ಷದ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಅಸುನೀಗಿದರು. ಅವರ ಇಚ್ಛೆಯಂತೆ ದೇಹ ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಸಂದಿತು. ಒಂದು ಜನಸಮೂಹದಲ್ಲಿ ಒಂದು ಗುಣ ತಲೆಮಾರಿನಿಂದ ತಲೆಮಾರಿಗೆ ಹೇಗೆ ಹಬ್ಬುತ್ತದೆ, ಹೇಗೆ ಅಳಿಯುತ್ತದೆ ಎಂದು ಜೀವಮಾನವಿಡೀ ಗಣಿಸಿದ ಮಹಾಪುರುಷನನ್ನು ಕೆಡವಿದ್ದು, ಅವರದೇ ಸಮೀಕರಣಗಳನ್ನು ಅನುಸರಿಸಿ ಅವರದೇ ಕರುಳಿನಲ್ಲಿ ಹಬ್ಬಿದ ಒಂದು ಕೋಶವಂಶ. ಆ ಸತ್ಯ ಸ್ಪಷ್ಟವಾಗಲು ಇನ್ನೂ ಹನ್ನೆರಡು ವರ್ಷ ಬೇಕಿತ್ತು.

ಜರ್ಮನಿಯ ಥಿಯೋಡೋರ್ ಬೋವೆರಿ 1914ರಲ್ಲಿಯೇ ಅರ್ಬುದದ ಮೂಲ ಒಂದೇ ಒಂದು ಕೋಶದ ವರ್ಣತಂತುಗಳ ವಿಕಾರದಲ್ಲಿದೆಯೆಂದು ಊಹಿಸಿದ್ದನು. 1976ರಲ್ಲಿ ಅಮೆರಿಕದ ಪೀಟರ್ ನೋವೆಲ್ ಆ ಊಹೆಗೆ ಚರಿತ್ರೆಯ ಗತಿಯನ್ನು ಕೊಟ್ಟರು: ಒಂದು ಕೋಶ ದಾರಿ ತಪ್ಪುತ್ತದೆ, ಅದರ ಸಂತತಿ ಬೆಳೆಯುತ್ತದೆ, ಸಂತತಿಯಲ್ಲಿ ಹೊಸ ಹೊಸ ಉತ್ಪರಿವರ್ತನೆಗಳು ಉಂಟಾಗುತ್ತವೆ, ಅವುಗಳಲ್ಲಿ ಬಲಿಷ್ಠವಾದ ಕವಲು ಉಳಿದವನ್ನು ಹಿಂದಿಕ್ಕಿ ರಾಜ್ಯವನ್ನು ಕಬಳಿಸುತ್ತದೆ. ಕ್ಯಾನ್ಸರ್ ಎಂದರೆ ದೇಹದೊಳಗೆ ನಡೆಯುವ ಡಾರ್ವಿನ್ನನ ವಿಕಾಸ. ಈ ದೃಷ್ಟಿಯಿಂದ ಕರುಳನ್ನು ನೋಡಿದಾಗ ಅಲ್ಲಿಯ ಆಡಳಿತದ ಗಾಂಭೀರ್ಯ ಬೆರಗು ಹುಟ್ಟಿಸುತ್ತದೆ. ಮನುಷ್ಯನ ದೊಡ್ಡಕರುಳಿನಲ್ಲಿ ಸುಮಾರು ಒಂದು ಕೋಟಿ ಕುಳಿಗಳಿವೆ. ಒಂದೊಂದು ಕುಳಿಯೂ ಒಂದು ಪುಟ್ಟ ಮಾಂಡಲಿಕ ರಾಜ್ಯ. ತಳದಲ್ಲಿ ಬೆರಳೆಣಿಕೆಯ ಆಕರಕೋಶಗಳು ಸಿಂಹಾಸನವನ್ನು ಹಂಚಿಕೊಂಡು ಕುಳಿತಿವೆ. ಅವುಗಳ ಸಂತಾನ ಗೋಡೆಗುಂಟ ಮೇಲೇರುತ್ತ, ನೀರು ಹೀರುವ, ಲೋಳೆ ಸುರಿಸುವ ಕೆಲಸ ಹೊತ್ತು, ನಾಲ್ಕೈದು ದಿನಗಳಲ್ಲಿ ಕುಳಿಯ ಬಾಯಿಗೆ ಬಂದು ಉದುರಿಹೋಗುತ್ತದೆ. ಈ ನಿರಂತರ ನಿರ್ಗಮನವೇ ಒಂದು ರಕ್ಷಾಕವಚವೆಂದು ಜಾನ್ ಕೇರ್ನ್ಸ್ 1975ರಲ್ಲಿ ತೋರಿಸಿದರು: ಮೇಲೇರುವ ಕೋಶದಲ್ಲಿ ದ್ರೋಹ ಹುಟ್ಟಿದರೂ ವಾರ ಕಳೆಯುವ ಮೊದಲೇ ಅದು ರಾಜ್ಯದ ಗಡಿ ದಾಟಿ ಹೋಗಿರುತ್ತದೆ. ಭಯವಿರುವುದು ತಳದ ಸಿಂಹಾಸನದಲ್ಲಿ ಹುಟ್ಟುವ ದ್ರೋಹದಿಂದ ಮಾತ್ರ.

ಆ ಸಿಂಹಾಸನದ ಆಕರಕೋಶಗಳನ್ನು 2007ರಲ್ಲಿ ನೆದರ್ಲೆಂಡಿನ ಹಾನ್ಸ್ ಕ್ಲೆವರ್ಸ್ ಅವರ ಬಳಗ ಗುರುತು ಹಿಡಿಯಿತು. ಮೂರು ವರ್ಷಗಳ ನಂತರ ಇಲಿಗಳಲ್ಲಿ ಇನ್ನೊಂದು ಸಂಗತಿ ತಿಳಿಯಿತು. ನನ್ನ ಎಣಿಕೆಯಲ್ಲಿ ಈ ಇಡೀ ಕಥನದ ಮರ್ಮ ಇರುವುದು ಅಲ್ಲಿ. ತಳದ ಸಹರಾಜರಲ್ಲಿ ಯಾರೂ ಶಾಶ್ವತರಲ್ಲ. ಒಂದು ಆಕರಕೋಶ ಮೇಲಕ್ಕೆ ತಳ್ಳಲ್ಪಟ್ಟಾಗ ನೆರೆಯದು ಇಬ್ಭಾಗವಾಗಿ ಆ ಪೀಠವನ್ನು ತುಂಬುತ್ತದೆ. ಯಾರು ಹೋಗುವರು, ಯಾರು ಉಳಿಯುವರು ಎಂಬುದು ಶೌರ್ಯದ ಮಾತಲ್ಲ, ಬರಿಯ ಆಕಸ್ಮಿಕ. ಆಕಸ್ಮಿಕಗಳು ಒಟ್ಟುಗೂಡುತ್ತ ಕಡೆಗೊಂದು ದಿನ ಇಡೀ ಕುಳಿ ಒಬ್ಬನೇ ಪೂರ್ವಜನ ಸಂತತಿಯಾಗುತ್ತದೆ. ಉಳಿದ ವಂಶಗಳೆಲ್ಲ ನಿರ್ನಾಮ. ಮನುಷ್ಯನಲ್ಲಿ ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಕುಳಿಯೇ ಇಬ್ಭಾಗವಾಗಿ ಎರಡು ರಾಜ್ಯಗಳಾಗುವುದೂ ಉಂಟು, ಆದರೆ ಆರೋಗ್ಯವಂತನಲ್ಲಿ ಅದು ದಶಕಗಳಿಗೊಮ್ಮೆ. 1991ರಲ್ಲಿ ಪತ್ತೆಯಾದ ಎಪಿಸಿ ಎಂಬ ವಂಶವಾಹಿಯನ್ನು ಕಳೆದುಕೊಂಡ ಆಕರಕೋಶ ಈ ಸ್ಪರ್ಧೆಯಲ್ಲಿ ಮೇಲುಗೈ ಪಡೆಯುತ್ತದೆ; ಆದರೂ ಅನೇಕ ಬಾರಿ ಸೋತು ಮೇಲಕ್ಕೆ ತಳ್ಳಿಸಿಕೊಂಡು ಅಳಿಯುತ್ತದೆ. ಎಷ್ಟು ದಂಗೆಗಳು ನಮ್ಮೊಳಗೆ ಎದ್ದು, ಯಾರಿಗೂ ತಿಳಿಯದೆ, ದೈವಯೋಗದಿಂದಲೇ ಅಡಗಿಹೋಗಿವೆಯೋ! ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯವರು 2019ರಲ್ಲಿ ಆರೋಗ್ಯವಂತ ಕುಳಿಗಳ ವಂಶವಾಹಿಗಳನ್ನು ಒಂದೊಂದಾಗಿ ಓದಿದಾಗ, ಆಕರಕೋಶವೊಂದರಲ್ಲಿ ವರ್ಷಕ್ಕೆ ನಲವತ್ತಕ್ಕೂ ಹೆಚ್ಚು ಉತ್ಪರಿವರ್ತನೆಗಳು ಕೂಡುತ್ತವೆಂದೂ, ಐವತ್ತು ದಾಟಿದವರ ಕುಳಿಗಳಲ್ಲಿ ನೂರಕ್ಕೊಂದರಷ್ಟು ಕ್ಯಾನ್ಸರಿಗೆ ದಾರಿ ತೆರೆಯಬಲ್ಲ ಬದಲಾವಣೆಯನ್ನು ಆಗಲೇ ಹೊತ್ತಿವೆಯೆಂದೂ ಕಂಡರು. ಕೋಟಿಯಲ್ಲಿ ನೂರಕ್ಕೊಂದೆಂದರೆ ಲಕ್ಷ ರಾಜ್ಯಗಳು. ಅವುಗಳಲ್ಲಿ ಬಹುಪಾಲು ಮನುಷ್ಯನ ಆಯುಸ್ಸು ಮುಗಿಯುವವರೆಗೂ ನಿಷ್ಠೆಯಿಂದಲೇ ದುಡಿಯುತ್ತವೆ.

ಉಳಿದುಕೊಂಡ ದಂಗೆಕೋರ ವಂಶದ ದಂಡಯಾತ್ರೆಯನ್ನು 1990ರಲ್ಲಿ ಎರಿಕ್ ಫಿಯರಾನ್ ಮತ್ತು ಬರ್ಟ್ ವೋಗೆಲ್‌ಸ್ಟೈನ್ ಹಂತ ಹಂತವಾಗಿ ಬರೆದರು. ಎಪಿಸಿ ಹೋದಾಗ ಗೋಡೆಯ ಮೇಲೆ ಅಣಬೆಯಂಥ ಪಾಲಿಪ್ ಮೂಡುತ್ತದೆ. ಕೆರಾಸ್ ವಂಶವಾಹಿ ಕೆರಳಿದಾಗ ಅದು ಹಿಗ್ಗುತ್ತದೆ. ಕಾವಲುಗಾರನಾದ ಪಿ53 ಬಿದ್ದಾಗ ಕೋಟೆಯ ಗೋಡೆ ಒಡೆಯುತ್ತದೆ. 2008ರ ಗಣನೆಯಂತೆ ದೊಡ್ಡ ಪಾಲಿಪೊಂದು ಬಲಿತ ಕ್ಯಾನ್ಸರಾಗಲು ಸುಮಾರು ಹದಿನೇಳು ವರ್ಷ. ಅನಂತರ ಯಕೃತ್ತಿಗೆ ದಾಳಿಯಿಡುವ ಸಾಮರ್ಥ್ಯ ಪಡೆಯಲು ಎರಡು ವರ್ಷವೂ ಬೇಡ.

ಈ ಕೊನೆಯ ಹೆಜ್ಜೆಯ ರಹಸ್ಯವನ್ನು ಬೆನ್ನಟ್ಟಿದವರಲ್ಲಿ ಮುಂಬಯಿಯ ವಿದ್ವಾಂಸರಿದ್ದಾರೆ. ಖಾನೋಲ್ಕರರ ಸಂಶೋಧನ ಪೀಠ 2002ರಲ್ಲಿ ಪರೇಲನ್ನು ಬಿಟ್ಟು ಕೊಲ್ಲಿಯಾಚೆ ಖಾರ್‌ಘರ್ ಗುಡ್ಡಗಳ ತಪ್ಪಲಿಗೆ ಸಾಗಿ ಆಕ್ಟ್ರೆಕ್ ಎಂಬ ಹೆಸರು ತಾಳಿತು. ಅಲ್ಲಿ ಸೊರಾಬ್ ದಲಾಲ್ ಅವರ ಬಳಗ ಎಚ್‌ಸಿಟಿ116 ಎಂಬ ಕರುಳಿನ ಕ್ಯಾನ್ಸರಿನ ಕೋಶವಂಶವನ್ನು ಕೈಗೆತ್ತಿಕೊಂಡಿತು. ಕೋಶಗಳನ್ನು ಪರಸ್ಪರ ಬಿಗಿದಿಡುವ ಡೆಸ್ಮೋಸೋಮ್ ಎಂಬ ಬೆಸುಗೆಗಳಲ್ಲಿ ಪ್ಲಾಕೊಫಿಲಿನ್-3 ಒಂದು ಪ್ರೋಟೀನು. ಮೂವತ್ತೇಳು ಡಿಗ್ರಿಯ ಬೆಚ್ಚನೆಯಲ್ಲಿ, ಕೆಂಪು ಪೋಷಕದ್ರವದಡಿಯಲ್ಲಿ, ಪ್ಲಾಸ್ಟಿಕ್ ಬಟ್ಟಲಿನ ತಳಕ್ಕೆ ಅಂಟಿಕೊಂಡು ಬೆಳೆಯುತ್ತಿದ್ದ ಆ ಕೋಶಗಳಲ್ಲಿ ಈ ಪ್ರೋಟೀನಿನ ಪ್ರಮಾಣವನ್ನು ತಗ್ಗಿಸಿದಾಗ ಬೆಸುಗೆ ಸಡಿಲಿತು. ಇಲಿಗಳಿಗೆ ಸೇರಿಸಿದಾಗ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿತು. 2008ರಲ್ಲಿ ಪ್ರಕಟವಾದ ಈ ಸಂಶೋಧನೆ ಸಾರಿದ್ದು ಚರಿತ್ರೆಯ ಓದುಗರಿಗೆ ಚಿರಪರಿಚಿತವಾದ ಸಂಗತಿ: ಸಾಮಂತರ ನಡುವಿನ ಒಡಂಬಡಿಕೆ ಹರಿದಾಗಲೇ ದಂಡು ಗಡಿ ದಾಟುತ್ತದೆ. ರಣದಿವೆ ನೆಟ್ಟ ಅಂಗಾಂಶ ಕೃಷಿಯ ಸಸಿ ಅರ್ಧ ಶತಮಾನದ ಬಳಿಕ ಕೊಟ್ಟ ಫಲಗಳಲ್ಲಿ ಇದೊಂದು.

ಇತ್ತ ಪರೇಲಿನ ಆಸ್ಪತ್ರೆಯ ಎದುರು ಹಾಯುವ ರಸ್ತೆಗೆ ಅಲ್ಲಿ ದುಡಿದು ಮಡಿದ ಶಸ್ತ್ರವೈದ್ಯ ಅರ್ನೆಸ್ಟ್ ಬೋರ್ಜಿಸ್ ಅವರ ಹೆಸರಿದೆ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿಯ ಕಡೆಯಿಂದ ಬಂದವರು, ಬೆಳಗಾವಿ, ವಿಜಯಪುರಗಳಿಂದ ಬಂದವರು ಆ ರಸ್ತೆಯಲ್ಲಿ ಫೈಲು ಹಿಡಿದು ನಿಂತಿರುತ್ತಾರೆ. ಸೂರಿಲ್ಲದವರಿಗೆ ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆ ಆಸರೆಯಾಗುತ್ತದೆ. ಒಮ್ಮೆ ಜಸ್ಸಾವಾಲಾರ ಕಡತದಲ್ಲಿ ವಿರಳವಾಗಿದ್ದ ಕರುಳಿನ ಕ್ಯಾನ್ಸರ್ ಈಗ ಏರುಗತಿಯಲ್ಲಿದೆ. 2013ರ ಆಗಸ್ಟಿನಿಂದ ಒಂದು ವರ್ಷದಲ್ಲಿ ಟಾಟಾ ಆಸ್ಪತ್ರೆಗೆ ಬಂದ 800 ಹೊಸ ರೋಗಿಗಳ ವೃತ್ತಾಂತವನ್ನು ಅಲ್ಲಿಯ ವೈದ್ಯರು ಖಾನೋಲ್ಕರರ ಮಾರ್ಗದಲ್ಲೇ ಒಟ್ಟುಗೂಡಿಸಿದರು. ಸರಾಸರಿ ವಯಸ್ಸು 47. ಪಾಶ್ಚಾತ್ಯರಲ್ಲಿ ಈ ರೋಗ ಮುಖ್ಯವಾಗಿ ಅರುವತ್ತು ದಾಟಿದವರದು. ನೂರಕ್ಕೆ ಹದಿಮೂರು ಮಂದಿಯಲ್ಲಿ ಮುದ್ರೆಯುಂಗುರದ ಆಕಾರದ ಕೋಶಗಳ ಉಗ್ರ ಪ್ರಭೇದ. ಹಳೆಯ ರಾಜವಂಶಗಳ ಪತನಕ್ಕೆ ವಾರ್ಧಕ್ಯ ಕಾರಣವೆನ್ನಬಹುದು. ಇಲ್ಲಿ ನಡುವಯಸ್ಸಿನಲ್ಲಿಯೇ ದಂಗೆ ಏಳುತ್ತಿದೆ. ಕಾರಣವೇನೆಂಬ ಪ್ರಶ್ನೆ ಮಲ್ಹೋತ್ರಾರ ಪ್ರಶ್ನೆಯಷ್ಟೇ ತೀಕ್ಷ್ಣವಾಗಿ ಇಂದಿನ ಸಂಶೋಧಕರ ಮುಂದೆ ನಿಂತಿದೆ.

ಔಷಧಿಯ ಸಮರದಲ್ಲಿಯೂ ವಂಶಗಳ ಉದಯಾಸ್ತಮಾನವೇ. ಸೆಟುಕ್ಸಿಮ್ಯಾಬ್ ಎಂಬ ಪ್ರತಿಕಾಯವನ್ನು ಕೊಟ್ಟಾಗ ಕರುಳಿನ ಕ್ಯಾನ್ಸರ್ ಕೆಲವು ತಿಂಗಳು ಮಣಿಯುತ್ತದೆ, ಮತ್ತೆ ತಲೆಯೆತ್ತುತ್ತದೆ. ಮೊದಲೇ ಮೂಲೆಯಲ್ಲಿ ಅಡಗಿದ್ದ ಕೆರಾಸ್ ವಿಕಾರದ ಕವಲು, ಉಳಿದ ಕವಲುಗಳು ಸತ್ತ ಬಯಲಿನಲ್ಲಿ ನಿರಾತಂಕವಾಗಿ ಹಬ್ಬಿತೆಂದು 2012ರಲ್ಲಿ ರೋಗಿಗಳ ರಕ್ತದಲ್ಲಿ ಹರಿದಾಡುವ ಡಿಎನ್‌ಎ ತುಣುಕುಗಳಿಂದ ತಿಳಿಯಿತು. ಮೂರು ವರ್ಷಗಳಲ್ಲಿ ಇನ್ನೊಂದು ಅಚ್ಚರಿ: ಔಷಧಿಯನ್ನು ನಿಲ್ಲಿಸಿದರೆ ಆ ವಿಜಯಿ ಕವಲು ಮೆಲ್ಲಗೆ ಕ್ಷಯಿಸುತ್ತದೆ, ಹಳೆಯ ವಂಶ ಮರಳಿ ಬರುತ್ತದೆ, ಅದೇ ಔಷಧಿ ಕೆಲವರಲ್ಲಿ ಎರಡನೆಯ ಬಾರಿಯೂ ನಾಟುತ್ತದೆ. ಒಂದು ಬಗೆಯ ರಣದಲ್ಲಿ ಗೆಲುವು ತಂದ ಗುಣವೇ ಶಾಂತಿಕಾಲದಲ್ಲಿ ಭಾರವಾಗಿ ಪರಿಣಮಿಸುವುದನ್ನು ಸಾಮ್ರಾಜ್ಯಗಳ ಚರಿತ್ರೆಯಲ್ಲಿ ನಾವು ಎಷ್ಟು ಬಾರಿ ಓದಿಲ್ಲ!

ಆದರೆ ಇವೆಲ್ಲ ಕೋಟೆ ಒಡೆದ ಮೇಲಿನ ಕದನಗಳು. ಪಾಲಿಪ್ ಇನ್ನೂ ಪಾಲಿಪ್ ಆಗಿರುವ ದೀರ್ಘಾವಧಿಯಲ್ಲಿ ಕೊಲೊನೋಸ್ಕೋಪಿಯ ನಳಿಕೆಯೊಳಗಿನಿಂದ ಒಂದು ತಂತಿಯ ಕುಣಿಕೆಯನ್ನು ಹಾಯಿಸಿ, ಅದರ ಕೊರಳಿಗೆ ಬಿಗಿದು, ವಿದ್ಯುತ್ ಹರಿಸಿ ವೈದ್ಯರು ಅದನ್ನು ಕೆಲವೇ ನಿಮಿಷಗಳಲ್ಲಿ ಕತ್ತರಿಸಿ ತೆಗೆಯಬಲ್ಲರು. ವಂಶ ಅಲ್ಲಿಗೇ ಮುಗಿಯುತ್ತದೆ. ಮೂವತ್ತು ದಾಟಿದವರಿಗಾಗಿ ಸರಕಾರ ನಡೆಸುವ ತಪಾಸಣೆಯ ಪಟ್ಟಿಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿವೆ, ಕರುಳು ಸೇರಿಲ್ಲ. ಮಲದಲ್ಲಿ ರಕ್ತ ಕಂಡವರು ಮೂಲವ್ಯಾಧಿಯೆಂದು ಬಗೆದು ಊರಿನಲ್ಲೇ ಲೇಪ, ಗುಳಿಗೆ, ಪಥ್ಯಗಳಲ್ಲಿ ತಿಂಗಳುಗಳನ್ನು ಕಳೆಯುತ್ತಾರೆ. ಆ 800 ಮಂದಿ ಲಕ್ಷಣ ತೋರಿದ ಮೇಲೆ ಪರೇಲನ್ನು ತಲುಪಲು ತೆಗೆದುಕೊಂಡ ಸರಾಸರಿ ಕಾಲ ನಾಲ್ಕು ತಿಂಗಳು. ಅವರಲ್ಲಿ ಹಲವರ ರೋಗ ಆ ಹೊತ್ತಿಗೆ ಹುಟ್ಟಿದೆಡೆಯ ಎಲ್ಲೆಯನ್ನು ದಾಟಿತ್ತು.